ಹಾಲೊಂದೇ ಸಾಲದು

ಈ ತಿಂಗಳ ವಿಷಯವನ್ನು ಕಂಡು ನಮ್ಮ ಓದುಗ ಬಂಧುಗಳಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ನಾವು ಬರೆಯಹೊರಟಿರುವುದು ತಾಯಿ ಸತ್ತ ಇಲಿಮರಿಗಳನ್ನು ಕುರಿತು. ತಾಯಿಯನ್ನು ಅಗಲಿದ ಕರುವಿನ ಕಥೆ ಕೇಳಿದರೆ ಕಣ್ಣು ಒದ್ದೆ ಮಾಡಿಕೊಳ್ಳುವ ನಮ್ಮ ಮನೆಗಳಲ್ಲಿ ಇಲಿಯ ಹೆಸರೆತ್ತಿದೊಡನೆ ಕೈ ಕಸಬರಿಗೆಯ ಕಡೆಗೆ ಹೋಗುತ್ತದೆ. ನಮ್ಮ ಕೈಯೂ ಇದಕ್ಕೆ ಹೊರತಾಗಿರಲಿಲ್ಲ. ಆದಕಾರಣ ಇದನ್ನು ಉಪದೇಶವೆಂದು ಭಾವಿಸದೆ, ಮನೆಯ ಹಿರಿಯನೊಬ್ಬ ತನ್ನ ತಪ್ಪನ್ನು ಹೇಳಿಕೊಳ್ಳುತ್ತಿದ್ದಾನೆಂದು ತಿಳಿದು ಓದಬೇಕಾಗಿ ವಿನಂತಿ.

ಹೋದ ವರ್ಷದ ಪುಷ್ಯ ಮಾಸ. ಹೊಸಹಳ್ಳಿಯ ನಮ್ಮ ಮನೆಯ ಒಳಕೋಣೆಯಲ್ಲಿ ಬಿತ್ತನೆಗೆಂದು ಎತ್ತಿಟ್ಟ ಶೇಂಗಾ ಚೀಲಗಳಿದ್ದವು. ಮಳೆಯನ್ನೇ ನಂಬಿ ಬದುಕುವ ಕೂಡ್ಲಿಗಿ ಸೀಮೆಯ ರೈತನಿಗೆ ಬಿತ್ತನೆಯ ಶೇಂಗಾ ಎಂದರೆ ಮುಂದಿನ ವರ್ಷದ ಅನ್ನ. ಇಲಿಗಳು ಎರಡು ಚೀಲಗಳ ಮೂಲೆ ಕಡಿದು, ಕಾಯಿ ಒಡೆದು, ಬೀಜ ತಿಂದು ಸಿಪ್ಪೆಯನ್ನು ಚೆಲ್ಲಿದ್ದವು. ಅಂಗಡಿಯಿಂದ ಪಾಷಾಣ ತರಿಸಿ, ಹಿಟ್ಟಿನಲ್ಲಿ ಕಲಸಿ, ರಾತ್ರಿ ಚೀಲಗಳ ಸಂದಿಯಲ್ಲಿ ಇರಿಸಿದವರು ನಾವೇ. ಬೆಳಗಾಗುವಷ್ಟರಲ್ಲಿ ಕದದ ಬಳಿ ದೊಡ್ಡ ಇಲಿಯೊಂದು ಸತ್ತು ಬಿದ್ದಿತ್ತು. ಎತ್ತಿ ಹೊರಗೊಯ್ದು ಹೂಳಿದೆವು. ಅದರ ಹೊಟ್ಟೆಯ ಮೇಲೆ ಮೊಲೆತೊಟ್ಟುಗಳು ಎದ್ದು ಕಾಣುತ್ತಿದ್ದುದನ್ನು ಕಣ್ಣು ಕಂಡಿತು, ಮನಸ್ಸು ಕಾಣಲಿಲ್ಲ.

ಆ ಸಂಜೆ ನಮ್ಮ ಮೊಮ್ಮಗಳು, ಹತ್ತು ವರ್ಷದ ಹುಡುಗಿ, ಹಳೆಯ ಕೌದಿಯ ಗಂಟಿನೊಳಗೆ ಏನೋ ಕೀಚುಗುಟ್ಟುತ್ತಿದೆಯೆಂದು ನಮ್ಮನ್ನು ಕರೆದಳು. ಬಿಚ್ಚಿ ನೋಡಿದರೆ ಅರಳೆ, ದಾರ, ಕಾಗದದ ಚೂರುಗಳ ಗೂಡಿನಲ್ಲಿ ಆರು ಮರಿಗಳು. ಹೆಬ್ಬೆರಳಿನ ಗಾತ್ರ, ಮೈಮೇಲೆ ಆಗತಾನೆ ನವಿರು ಮೂಡುತ್ತಿತ್ತು, ಕಣ್ಣು ಇನ್ನೂ ತೆರೆದಿರಲಿಲ್ಲ. ಅವುಗಳಲ್ಲಿ ಒಂದು ಆಗಲೇ ಸತ್ತಿತ್ತು. "ತಿಪ್ಪೆಗೆ ಹಾಕಿ ಬರ್ತೀನಿ, ಕಾಗೆ ಒಯ್ತಾವೆ" ಎಂದು ಮಗ ಮುಂದೆ ಬಂದನು. ಸೊಸೆ ಮೂಗಿಗೆ ಸೆರಗು ಹಿಡಿದು ದೂರ ನಿಂತಳು. ಹುಡುಗಿ ಮಾತ್ರ ನಮ್ಮ ಮುಖವನ್ನೇ ನೋಡುತ್ತ, "ಅಜ್ಜಾ, ಇವುಗಳ ಅವ್ವನ್ನ ಕೊಂದೋರು ಯಾರು?" ಎಂದು ಕೇಳಿದಳು. ಮಠದಲ್ಲಿ ಶಾಸ್ತ್ರ ಓದಿದವರಿಗೆ ಇಂಥ ಪ್ರಶ್ನೆಯನ್ನು ಬಳಸಿ ದಾಟುವ ಉತ್ತರಗಳು ಬೇಕಾದಷ್ಟು ತಿಳಿದಿರುತ್ತವೆ. ಅಂದು ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನಾನೇ, ಕೂಸೇ" ಎಂದೆವು. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಮರಿಗಳನ್ನು ತಿಪ್ಪೆಗೆ ಕಳುಹಿಸುವುದು ನಮ್ಮಿಂದಾಗಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಲಿಯು ರೈತನ ವೈರಿಯೆಂಬುದು ನಿರ್ವಿವಾದ. ಅಷ್ಟೇ ಅಲ್ಲ, ಅದು ರೋಗವನ್ನು ಹೊತ್ತು ತಿರುಗುವ ಪ್ರಾಣಿ. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಕಾಣಿಸಿಕೊಂಡ ಪ್ಲೇಗು ಮಾರಿಯನ್ನು ನಮ್ಮ ನಾಡು ಮರೆಯುವಂತಿಲ್ಲ. ನಮ್ಮ ಬಾಲ್ಯದಲ್ಲಿ ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಜ್ಜಿಯೊಬ್ಬರು ತಮ್ಮ ಚಿಕ್ಕಂದಿನ ಕಾಲವನ್ನು ನೆನೆದು, "ಇಲಿ ಬಿದ್ದವು ಅಂದ್ರೆ ಊರು ಬಿಡಬೇಕಿತ್ತಪ್ಪಾ" ಎನ್ನುತ್ತಿದ್ದರು. ಮನೆಯ ಮಾಡಿನಿಂದ ಇಲಿ ತಾನಾಗಿ ಸತ್ತು ಬಿದ್ದರೆ ಜನ ಗುಡಿಸಲು ಕಟ್ಟಿಕೊಂಡು ಹೊಲಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಆ ರೋಗವನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಇಲಿಯ ಮೈಮೇಲಿನ ಚಿಗಟವೆಂದು ಅದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದವರು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು. ಇನ್ನು ಇಲಿಜ್ವರ. ಇಲಿಯ ಮೂತ್ರದಲ್ಲಿರುವ ರೋಗಾಣುಗಳು ನಮ್ಮ ಚರ್ಮದ ಗಾಯಗಳ ಮೂಲಕ ಮೈಯನ್ನು ಹೊಕ್ಕು ಬರಿಸುವ ಈ ಜ್ವರಕ್ಕೆ ಇಂದಿಗೂ ಜನ ಬಲಿಯಾಗುತ್ತಿದ್ದಾರೆ. ಆದ್ದರಿಂದ ಕನಿಕರವೆಂದು ಮಕ್ಕಳ ಬರಿಗೈಗೆ ಇಲಿಮರಿಗಳನ್ನು ಕೊಡುವುದು ಕನಿಕರವಲ್ಲ, ಅವಿವೇಕ. ಗರ್ಭಿಣಿಯರೂ ಎಳೆಕೂಸುಗಳೂ ಇರುವ ಮನೆಯಲ್ಲಿ ಇಂಥ ಸಾಹಸಕ್ಕೆ ಕೈಹಾಕಲೇಬಾರದು.

ಮೊದಲ ರಾತ್ರಿ ನಾವು ಮಾಡಿದ್ದೆಲ್ಲವೂ ತಪ್ಪೇ. ಹಸಿದಿವೆಯೆಂದು ಹಸುವಿನ ಹಾಲನ್ನು ಕಾಯಿಸಿ ಆರಿಸಿ, ಕಿವಿಗೆ ಔಷಧಿ ಬಿಡುವ ಗಾಜಿನ ನಳಿಕೆಯಲ್ಲಿ ತುಂಬಿ, ಮರಿಯನ್ನು ಅಂಗಾತ ಹಿಡಿದು ಬಾಯಿಗೆ ಬಿಟ್ಟೆವು. ಅದರ ಮೈ ಕೊಳದ ಕಲ್ಲಿನಂತೆ ತಣ್ಣಗಿತ್ತೆಂಬುದನ್ನು ಗಮನಿಸಲಿಲ್ಲ. ಎರಡು ಹನಿ ಒಳಗೆ ಹೋಯಿತು. ಮೂರನೆಯ ಹನಿ ಮೂಗಿನಿಂದ ಹೊರಬಂತು. ಒಂದು ಗಳಿಗೆಯಲ್ಲಿ ಮರಿ ಸತ್ತಿತು. ತಾಯಿಯನ್ನು ಕೊಂದದ್ದು ಪಾಷಾಣ. ಈ ಮರಿಯನ್ನು ಕೊಂದದ್ದು ನಮ್ಮ ಅರಿವಿಲ್ಲದ ಕರುಣೆ. ಹುಡುಗಿ ಅಳಲಿಲ್ಲ. ಅವಳು ಸುಮ್ಮನಿದ್ದುದೇ ನಮಗೆ ಹೆಚ್ಚು ಭಾರವಾಯಿತು.

ಮರುದಿನ ಬೆಳಿಗ್ಗೆ ಪರಿಚಿತ ಪಶುವೈದ್ಯರೊಬ್ಬರಿಗೆ ದೂರವಾಣಿ ಮಾಡಿದೆವು. ಎಮ್ಮೆ, ಎತ್ತುಗಳ ಚಿಕಿತ್ಸೆಯಲ್ಲಿ ಬಿಡುವಿಲ್ಲದ ಆ ಮಹನೀಯರು ನಗದೆ, ಬೇಸರಿಸದೆ, ಅರ್ಧ ಗಂಟೆಯ ಕಾಲ ತಿಳಿಸಿ ಹೇಳಿದರು. ಅವರು ಹೇಳಿದ್ದನ್ನೂ ಮುಂದೆ ನಾವು ಅನುಭವದಿಂದ ಕಲಿತದ್ದನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತೇವೆ. ಅಳಿಲಿನ ಮರಿಯೋ ಬೆಕ್ಕಿನ ಮರಿಯೋ ತಬ್ಬಲಿಯಾಗಿ ಮನೆಗೆ ಬಂದಾಗಲೂ ಇದರ ಮುಖ್ಯಾಂಶ ಉಪಯೋಗಕ್ಕೆ ಬಂದೀತು.

ಮೊದಲು ಶಾಖ, ಆಮೇಲೆ ಆಹಾರ. ಇಷ್ಟು ಎಳೆಯ ಮರಿಗಳಿಗೆ ತಮ್ಮ ಮೈಯ ಬಿಸಿಯನ್ನು ತಾವೇ ಕಾಪಾಡಿಕೊಳ್ಳುವ ಶಕ್ತಿಯಿರುವುದಿಲ್ಲ. ತಣ್ಣಗಾದ ಮರಿಯ ಹೊಟ್ಟೆ ಹಾಲನ್ನು ಅರಗಿಸಲಾರದು. ಅಗಲಬಾಯಿಯ ಮಡಕೆಯಲ್ಲಿ ಹಳೆಯ ಮೆತ್ತನೆಯ ಬಟ್ಟೆ ಹಾಸಿ, ಬಿಸಿನೀರಿನ ಸೀಸೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಪಕ್ಕಕ್ಕೆ ಮಾತ್ರ ಇಟ್ಟೆವು. ಸೆಕೆಯಾದರೆ ಮರಿಗಳು ಇನ್ನೊಂದು ಪಕ್ಕಕ್ಕೆ ಹೊರಳಿಕೊಳ್ಳಬೇಕು. ಗೂಡಿನ ಶಾಖ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ವೈದ್ಯರು ಹೇಳಿದ್ದರು. ಪುಷ್ಯದ ಚಳಿಯಲ್ಲಿ ರಾತ್ರಿ ಎರಡು ಮೂರು ಸಲ ಸೀಸೆಯ ನೀರು ಬದಲಿಸಬೇಕಾಯಿತು.

ಎರಡನೆಯದು ಹಾಲು. ಹಾಲೆಲ್ಲ ಒಂದೇ ಎಂದು ನಾವು ತಿಳಿದಿದ್ದೆವು. ಹಸುವಿನ ಹಾಲಿಗೆ ಹೋಲಿಸಿದರೆ ಇಲಿಯ ಹಾಲಿನಲ್ಲಿ ಕೊಬ್ಬು ಸುಮಾರು ಮೂರು ಪಟ್ಟು, ಸಸಾರಜನಕ ಎರಡು ಪಟ್ಟಿಗೂ ಮಿಗಿಲು. ಸಕ್ಕರೆಯ ಅಂಶ ಮಾತ್ರ ಕಡಿಮೆ. ಹಸುವಿನ ಹಾಲು ಕುಡಿದ ಮರಿಗೆ ಭೇದಿಯಾಗುತ್ತದೆ, ಮೈ ಹತ್ತುವುದಿಲ್ಲ. ಮೊದಲ ರಾತ್ರಿ ಅದನ್ನೇ ಕುಡಿದಿದ್ದ ಇನ್ನೊಂದು ಮರಿ ಭೇದಿಯಿಂದ ಬಳಲಿ ನಾಲ್ಕನೆಯ ದಿನ ತೀರಿಕೊಂಡಿತು. ಬೆಕ್ಕಿನ ಮರಿಗಳಿಗೆಂದು ತಯಾರಿಸಿದ ಹಾಲಿನ ಪುಡಿಯನ್ನು ಮಗ ಹೊಸಪೇಟೆಯಿಂದ ತಂದನು. ತಿಪ್ಪೆಗೆ ಹಾಕುವೆನೆಂದಿದ್ದವನೂ ಅವನೇ. ಅದು ಬರುವವರೆಗೆ ಭೇದಿಯಾದ ಮಕ್ಕಳಿಗೆ ಕೊಡುವ ಓಆರ್‌ಎಸ್ ನೀರನ್ನು ಉಗುರುಬೆಚ್ಚಗೆ ಮಾಡಿ ಹನಿಹನಿಯಾಗಿ ಕೊಟ್ಟೆವು.

ಮೂರನೆಯದು ಕುಡಿಸುವ ಬಗೆ. ಅಂಗಾತ ಹಿಡಿದು ಬಾಯಿಗೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮರಿಯು ತಾಯಿಯ ಬಳಿ ಇರುವಂತೆ ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಇರಬೇಕು. ಮೊಮ್ಮಗಳು ಚಿತ್ರ ಬರೆಯುವುದಕ್ಕೆಂದು ತಂದಿಟ್ಟಿದ್ದ ಹೊಸ ಸಣ್ಣ ಕುಂಚವೊಂದನ್ನು ಕೊಟ್ಟಳು. ಕುದಿವ ನೀರಿನಲ್ಲಿ ತೊಳೆದ ಆ ಕುಂಚದ ತುದಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಮುಟ್ಟಿಸಿದರೆ ಮರಿ ತಾನಾಗಿಯೇ ನೆಕ್ಕುತ್ತಿತ್ತು. ನಾವು ಕುಡಿಸುವುದಲ್ಲ, ಅದು ಕುಡಿಯುವುದು, ವ್ಯತ್ಯಾಸ ಇಷ್ಟೇ. ಎರಡು ಮೂರು ಗಂಟೆಗೊಮ್ಮೆ, ಹಗಲು ರಾತ್ರಿ ಎನ್ನದೆ ಇದು ನಡೆಯಬೇಕು. ಪ್ರತಿ ಸಲವೂ ಹೊಸದಾಗಿ ಕಲಸಿದ ಹಾಲು. ಕೈಗೆ ರಬ್ಬರಿನ ಗವಸು. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು. ಮಡಕೆಯನ್ನು ಅಡುಗೆಮನೆಯಿಂದಲೂ ಪೂಜೆಯ ಕೋಣೆಯಿಂದಲೂ ದೂರವಾಗಿ ಹಿತ್ತಲ ಪಡಸಾಲೆಯಲ್ಲಿ ಇರಿಸಿದ್ದೆವು. ಹುಡುಗಿ ಗವಸು ತೊಟ್ಟು, ದೊಡ್ಡವರ ಎದುರಿಗೆ ಮಾತ್ರ ಮುಟ್ಟಬಹುದೆಂದು ಕಟ್ಟಪ್ಪಣೆ ಮಾಡಿದ್ದೆವು.

ನಾಲ್ಕನೆಯದು ನಮಗೆ ತೀರ ಹೊಸದು. ಇಷ್ಟು ಚಿಕ್ಕ ಮರಿ ತಾನಾಗಿ ಮೂತ್ರ ಮಾಡಲಾರದು. ತಾಯಿ ಹಿಂಭಾಗವನ್ನು ನೆಕ್ಕಿದಾಗಲೇ ಅದು ಸಾಧ್ಯ. ತಾಯಿಯಿಲ್ಲದ ಮರಿಗೆ ಯಾರೂ ಇದನ್ನು ಮಾಡದಿದ್ದರೆ ಹೊಟ್ಟೆ ತುಂಬ ಹಾಲು ಕುಡಿದೂ ಅದು ಸಾಯುತ್ತದೆ. ಪ್ರತಿ ಸಲ ಹಾಲಿನ ತರುವಾಯ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೃದುವಾಗಿ ಒರೆಸಬೇಕು. "ಅದರ ತಾಯಿಯ ನಾಲಿಗೆಯ ಕೆಲಸ ಈಗ ನಿಮ್ಮದು. ಹಿಂಭಾಗವಷ್ಟೇ ಅಲ್ಲ, ಇನ್ನೊಂದು ಕುಂಚ ಒದ್ದೆ ಮಾಡಿ ಬೆನ್ನ ಮೇಲೂ ಆಡಿಸಿರಿ" ಎಂದು ವೈದ್ಯರು ಹೇಳಿದ್ದರು.

ಬೆನ್ನ ಮೇಲೆ ಏತಕ್ಕೆಂದು ನಮಗೆ ತಿಳಿಯಲಿಲ್ಲ. ನಮಗಿಂತ ಮೊದಲು ತಿಳಿದವಳು ನಮ್ಮ ಸೊಸೆ. ಸೆರಗು ಮೂಗಿಗೆ ಹಿಡಿದಿದ್ದ ಆಕೆ ಮೂರನೆಯ ರಾತ್ರಿ ಎರಡು ಗಂಟೆಗೆ ತಾನಾಗಿ ಎದ್ದುಬಂದು, "ನೀವು ಮಲಗಿರಿ ಮಾವಾರೆ, ಈ ಕೆಲಸ ನಾನೂ ಮಾಡೀನಿ" ಎಂದಳು. ನಮ್ಮ ಮೊಮ್ಮಗಳು ದಿನ ತುಂಬುವ ಮುನ್ನ ಹುಟ್ಟಿದ ಕೂಸು. ಆಸ್ಪತ್ರೆಯ ದಾದಿಯರ ಮಾತಿನಂತೆ ಸೊಸೆ ವಾರಗಟ್ಟಲೆ ಅದನ್ನು ಬರಿಯ ಎದೆಗೆ ಕಟ್ಟಿಕೊಂಡೇ ಇದ್ದಳು. ಅದು ಹೆಂಗಸರ ಕೋಣೆಯ ಸಂಗತಿಯೆಂದು ನಾವು ಅಂದು ವಿಚಾರಿಸಿರಲಿಲ್ಲ.

ತರುವಾಯ ಓದಿ ತಿಳಿದುಕೊಂಡಾಗ ಬೆರಗಾದೆವು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸಾಲ್ ಶಾನ್‌ಬರ್ಗ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1970ರ ದಶಕದ ಕೊನೆಯಲ್ಲಿ ಇಲಿಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಪರೀಕ್ಷಿಸುತ್ತಿದ್ದರು. ಬೇರ್ಪಟ್ಟ ಕೆಲವೇ ತಾಸುಗಳಲ್ಲಿ ಮರಿಯ ಮೈಯಲ್ಲಿ ಬೆಳವಣಿಗೆಯ ಹಾರ್ಮೋನು ಇಳಿದುಹೋಗುತ್ತಿತ್ತು. ಮೈ ಬೆಚ್ಚಗಿಟ್ಟರೂ ಅಷ್ಟೇ. ಪ್ರಜ್ಞೆ ತಪ್ಪಿಸಿದ ತಾಯಿಯ ಮಗ್ಗುಲಲ್ಲಿ ಇರಿಸಿದರೂ ಅಷ್ಟೇ. ಒದ್ದೆಯಾದ ಕುಂಚದಿಂದ ತಾಯಿ ನೆಕ್ಕಿದಂತೆ ಮೈಯನ್ನು ಸವರಿದಾಗ ಮಾತ್ರ ಇಳಿದದ್ದು ಮತ್ತೆ ಏರಿತು. ತಾಯಿ ಪಕ್ಕದಲ್ಲಿದ್ದರೆ ಸಾಲದು, ಅವಳು ಮುಟ್ಟಬೇಕು. ಮುಟ್ಟುವವರಿಲ್ಲವೆಂದಾದರೆ ಮೈಯು ಬೆಳೆಯುವುದನ್ನೇ ನಿಲ್ಲಿಸುತ್ತದೆ.

ಈ ಇಲಿಮರಿಗಳ ಪಾಠ ಮನುಷ್ಯರ ಕೂಸುಗಳಿಗೂ ಮುಟ್ಟಿತು. ಮಿಯಾಮಿಯಲ್ಲಿ ಟಿಫನಿ ಫೀಲ್ಡ್ ಎಂಬ ವಿದುಷಿಯ ತಂಡವು ದಿನ ತುಂಬದೆ ಹುಟ್ಟಿದ 40 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷ, ಹತ್ತು ದಿನ ಮೈ ಸವರಿ ಕೈಕಾಲು ಆಡಿಸಿತು. ಎರಡೂ ಗುಂಪುಗಳಿಗೆ ಆಹಾರ ಹೆಚ್ಚು ಕಡಿಮೆ ಒಂದೇ. ಸವರಿಸಿಕೊಂಡ ಶಿಶುಗಳ ತೂಕ ದಿನದಿನಕ್ಕೆ ಶೇಕಡಾ 47ರಷ್ಟು ಹೆಚ್ಚಾಗಿ ಏರಿತು. ಅವು ಆರು ದಿನ ಮೊದಲೇ ಮನೆಗೆ ಹೋದವು. ಇದು 1986ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, 1970ರ ದಶಕದ ಕೊನೆಯಲ್ಲಿ, ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಿಯ ಎದೆಗೇ ಕಟ್ಟುವ ಕ್ರಮವನ್ನು ಆರಂಭಿಸಿದ್ದರು. ಕಾಂಗರೂ ತಾಯಿ ಆರೈಕೆಯೆಂದು ಹೆಸರಾದ ಆ ಕ್ರಮವನ್ನು ವ್ಯಾಪಕವಾಗಿ ಹಬ್ಬಿಸುವುದು ಹೇಗೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಅಧ್ಯಯನ ನಡೆದ ಸ್ಥಳಗಳಲ್ಲಿ ನಮ್ಮ ನೆರೆಯ ಕೊಪ್ಪಳ ಜಿಲ್ಲೆಯೂ ಒಂದು. ನಮ್ಮ ಸೊಸೆ ಎದೆಯ ಮೇಲೆ ಮಾಡಿದ್ದು ಇದನ್ನೇ. ನಮ್ಮ ಊರುಗಳ ಹಿರಿಯ ಹೆಂಗಸರು ಮಣೆಯ ಮೇಲೆ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹದವಾದ ಕೈಯಿಂದ ಎಣ್ಣೆ ಹಚ್ಚಿ ಎರೆಯುತ್ತ ಬಂದಿರುವುದರ ಒಳಗುಟ್ಟೂ ಇದೇ ಇದ್ದೀತು.

ಇದನ್ನು ಓದುತ್ತಿರುವಾಗ ನಮಗೆ ನಮ್ಮದೇ ಕಥೆ ನೆನಪಾಯಿತು. ತಾಯಿ ತೀರಿಕೊಂಡಾಗ ನಮಗೆ ಏಳು ವರ್ಷ. ತಂದೆ ನಮ್ಮನ್ನು ಕರೆತಂದು ಮಠಕ್ಕೆ ಒಪ್ಪಿಸಿ ಹೋದರು. ಮಠದ ದಾಸೋಹದಲ್ಲಿ ರೊಟ್ಟಿಗೆ, ನುಚ್ಚಿಗೆ, ಮಜ್ಜಿಗೆಗೆ ಎಂದೂ ಕೊರತೆಯಿರಲಿಲ್ಲ. ಪಾಠವಿತ್ತು, ಬಟ್ಟೆಯಿತ್ತು, ಓರಗೆಯ ಹುಡುಗರಿದ್ದರು. ಆದರೂ ಮೊದಲ ವರ್ಷ ನಮಗೆ ಮೈ ಹತ್ತಲಿಲ್ಲ. ಉಂಡದ್ದು ಎಲ್ಲಿ ಹೋಗುತ್ತದೆಯೋ ಎಂದು ಗುರುಗಳು ಅನ್ನುತ್ತಿದ್ದರು. ರೊಟ್ಟಿ ಬಡಿಯುವ ಆ ಅಜ್ಜಿ ಒಂದು ಶನಿವಾರ ನಮ್ಮನ್ನು ಕರೆದು ಮುಂದೆ ಕೂರಿಸಿಕೊಂಡು, ನೆತ್ತಿಗೆ ಹರಳೆಣ್ಣೆ ತಟ್ಟಿ, ಬೆನ್ನು ತಿಕ್ಕಿ, ಬಿಸಿನೀರು ಹಾಕಿದರು. ಅಲ್ಲಿಂದ ಮುಂದೆ ಅದು ಪ್ರತಿ ಶನಿವಾರದ ಕೆಲಸವಾಯಿತು. ರೊಟ್ಟಿ ಬಡಿದು ಬಡಿದು ದೊರಗಾದ ಅಂಗೈ ಅದು. ಅವರು ಹೆಚ್ಚು ಮಾತನಾಡುತ್ತಿರಲಿಲ್ಲ, ತಾಯಿಯ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ಆ ವರ್ಷದ ದೀಪಾವಳಿಗೆ ನಮ್ಮ ಅಂಗಿ ಬಿಗಿಯಾಯಿತು. ನಮಗೆ ವಿದ್ಯೆ ಕೊಟ್ಟವರನ್ನು ನಾವು ಹಲವಾರು ಸಭೆಗಳಲ್ಲಿ ಸ್ಮರಿಸಿದ್ದೇವೆ. ಆ ಅಜ್ಜಿಯನ್ನು ಯಾವ ಸಭೆಯಲ್ಲಿಯೂ ಸ್ಮರಿಸಿರಲಿಲ್ಲ. ಇಂದು ಇಲ್ಲಿ ಸ್ಮರಿಸುತ್ತೇವೆ.

ಮರಿಗಳ ವಿಷಯವನ್ನು ಮುಗಿಸೋಣ. ಉಳಿದವು ಮೂರು. ನಮ್ಮ ಮನೆಗೆ ಬಂದ ಒಂಬತ್ತನೆಯ ದಿನ ಅವು ಕಣ್ಣು ತೆರೆದವು. ಹುಟ್ಟಿ ಎರಡು ವಾರಕ್ಕೆ ಇಲಿಮರಿಗಳು ಕಣ್ಣು ತೆರೆಯುವುದು ರೂಢಿ. ಮತ್ತೆ ಕೆಲವು ದಿನಗಳಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ಮುಂಗಾಲುಗಳಲ್ಲಿ ಹಿಡಿದು ತಿನ್ನತೊಡಗಿದವು. ತಿಂಗಳಾಗುವಷ್ಟರಲ್ಲಿ ಹಾಲು ಬಿಟ್ಟವು. ಆಗ ಬಂದದ್ದು ನಿಜವಾದ ಧರ್ಮಸಂಕಟ. ಮನೆಯಲ್ಲಿ ಬಿಟ್ಟರೆ ನಮ್ಮ ಶೇಂಗಾ, ಹೊಲದಲ್ಲಿ ಬಿಟ್ಟರೆ ನೆರೆಯವನ ಶೇಂಗಾ. ನಮ್ಮ ಪುಣ್ಯದ ಖರ್ಚನ್ನು ಇನ್ನೊಬ್ಬರ ಮೇಲೆ ಹಾಕುವುದು ದಯೆಯಲ್ಲ. ಅದೂ ಅಲ್ಲದೆ ಮನುಷ್ಯರ ಕೈಯಲ್ಲಿ ಬೆಳೆದು ಭಯವನ್ನು ಕಲಿಯದ ಮರಿ ಬಯಲಿನಲ್ಲಿ ಒಂದು ರಾತ್ರಿಯೂ ಬದುಕದು. ಮೂರೂ ಹೆಣ್ಣೆಂದು ವೈದ್ಯರು ನೋಡಿ ಹೇಳಿದ್ದರಿಂದ ಒಂದೇ ಪಂಜರದಲ್ಲಿ ಇಡಲು ಸಾಧ್ಯವಾಯಿತು. ಗಂಡಿದ್ದರೆ ಐದು ವಾರ ತುಂಬುವ ಮೊದಲೇ ಬೇರೆ ಮಾಡಬೇಕು, ಇಲ್ಲವಾದರೆ ಮೂರು ಮೂವತ್ತಾಗಲು ತಡವಿಲ್ಲ. ಸಣ್ಣ ಕಣ್ಣಿನ ಕಬ್ಬಿಣದ ಜಾಲರಿಯ ಪಂಜರವೊಂದನ್ನು ಮಾಡಿಸಿದೆವು. ಒಂದು ಕಳೆದ ಮಳೆಗಾಲದಲ್ಲಿ ತೀರಿಕೊಂಡಿತು. ಎರಡು ಈಗಲೂ ಪಡಸಾಲೆಯಲ್ಲಿವೆ. ಸಾಕಿದ ಇಲಿಯ ಆಯುಸ್ಸು ಎರಡು ವರ್ಷದ ಆಸುಪಾಸು. ಅಷ್ಟು ದಿನ ಅವುಗಳ ಹೊಣೆ ನಮ್ಮದು.

ಹಾಗೆಂದು ಎಲ್ಲರೂ ಇಲಿ ಸಾಕಿರೆಂದು ನಾವು ಹೇಳುವುದಿಲ್ಲ, ಇಲಿಗೆ ಬಿತ್ತನೆಯ ಚೀಲ ಬಿಚ್ಚಿಡಿರೆಂದಂತೂ ಹೇಳುವುದೇ ಇಲ್ಲ. ನಾವು ಈಗ ಮಾಡಿರುವುದು ಇಷ್ಟು: ಬಿತ್ತನೆಯ ಚೀಲಗಳನ್ನು ಗೋಡೆಗೆ ತಾಗದಂತೆ ಎತ್ತರದ ಹಲಗೆಯ ಮೇಲೆ ಇಟ್ಟಿದ್ದೇವೆ. ಮನೆಯ ಕಾಳಿಗೆ ಮುಚ್ಚಳವಿರುವ ತಗಡಿನ ಡಬ್ಬಿಗಳನ್ನು ತಂದಿದ್ದೇವೆ. ಹೆಬ್ಬೆರಳು ತೂರುವಷ್ಟು ಸಂದಿಯಿದ್ದರೂ ಇಲಿ ನುಸುಳುತ್ತದೆಯಾದ್ದರಿಂದ ಕದದ ಕೆಳಗೆ ತಗಡು ಹೊಡೆಸಿ, ಗೋಡೆಯ ತೂತುಗಳಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು ತುಂಬಿಸಿದ್ದೇವೆ. ಹಳೆಯ ಕೌದಿ, ಗೋಣಿಗಳ ರಾಶಿಯನ್ನು ತೆಗೆದಿದ್ದೇವೆ. ಇಷ್ಟಾದ ಮೇಲೂ ಕೊಲ್ಲಲೇಬೇಕಾದ ಪ್ರಸಂಗ ಬಂದರೆ ಬೋನು ಇಡುವ ಮೊದಲು ಗೂಡನ್ನು ಹುಡುಕುತ್ತೇವೆ. ಇದನ್ನೆಲ್ಲ ಮೊದಲೇ ಮಾಡಿದ್ದರೆ ಪಾಷಾಣದ ಪೊಟ್ಟಣ ನಮ್ಮ ಮನೆಗೆ ಬರುತ್ತಿರಲಿಲ್ಲ.

ಕೊನೆಯದಾಗಿ ನಮ್ಮ ಮನೆತನಗಳ ಹಿರಿಯರಲ್ಲಿ ಒಂದು ಅರಿಕೆ. ತಂಗಿಯ ಮಗನೋ, ತಮ್ಮನ ಮಗಳೋ, ತಾಯಿ ಇಲ್ಲದ ಒಂದು ಕೂಸು ನಮ್ಮ ಎಷ್ಟೋ ಮನೆಗಳಲ್ಲಿ ಬೆಳೆಯುತ್ತಿರುತ್ತದೆ. ಅದಕ್ಕೆ ಊಟ ಹಾಕುತ್ತೇವೆ, ಶಾಲೆಯ ಶುಲ್ಕ ಕಟ್ಟುತ್ತೇವೆ, ಹಬ್ಬಕ್ಕೆ ಬಟ್ಟೆ ತರುತ್ತೇವೆ, ಮುಂದೆ ಹೊಲದ ಪಾಲನ್ನೂ ಕೊಡುತ್ತೇವೆ. ನಮ್ಮ ಕರ್ತವ್ಯ ಮುಗಿಯಿತೆಂದು ನೆಮ್ಮದಿಯಿಂದ ಮಲಗುತ್ತೇವೆ. ಆ ಕೂಸಿನ ತಲೆಯ ಮೇಲೆ ಕೈಯಿಟ್ಟು ಎಷ್ಟು ದಿನವಾಯಿತೆಂದು ಈ ಪುಟವನ್ನು ಮಡಿಚುವ ಮುನ್ನ ಒಮ್ಮೆ ಎಣಿಸಿ ನೋಡಬೇಕು. ಮುಂದಿನ ಶನಿವಾರ ದೂರವಿಲ್ಲ, ಎಣ್ಣೆ ಮನೆಯಲ್ಲೇ ಇದೆ.

ಶರಣು.